ತೆಗೆ ಎಂದರೆ ಯಾವ ತೆಗೆ?

ಕೋಪದಲ್ಲಿ ಏನನ್ನೂ ಬರೆಯಬಾರದು, ಮೊದಲು ಒಂದು ಲೋಟ ನೀರು ಕುಡಿದು ಆಮೇಲೆ ಪೆನ್ನು ಹಿಡಿಯಬೇಕು ಎಂದು ಕಾರವಾರದ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಹೇಳುತ್ತಿದ್ದರು. ನಾನು ನೀರು ಕುಡಿದಾಯಿತು, ಚಹಾ ಕುಡಿದಾಯಿತು, ಕೋಕಂ ಶರಬತ್ತೂ ಆಯಿತು. ಕೋಪ ಇಳಿದಿಲ್ಲ. ಸಿಸ್ಟರ್ ಕ್ಷಮಿಸಲಿ, ಕೋಪದಲ್ಲೇ ಬರೆಯುತ್ತಿದ್ದೇನೆ.

ಕೋಪ ಇರುವುದು ಒಂದು ಶಬ್ದದ ಮೇಲೆ. ‘ತೆಗೆ.’ ಬಾಗಿಲು ತೆಗೆ ಎಂದರೆ ಬಾಗಿಲು ತೆರೆದುಕೊಳ್ಳುತ್ತದೆ. ಕಸ ತೆಗೆ ಎಂದರೆ ಕಸ ಹೊರಗೆ ಹೋಗುತ್ತದೆ. ಬಾಯಲ್ಲಿ ಆಡುವಾಗ ಇದರಿಂದ ಯಾರಿಗೂ ತೊಂದರೆಯಾಗಿಲ್ಲ, ಏಕೆಂದರೆ ಎದುರಿಗೆ ಬಾಗಿಲೋ ಕಸವೋ ಕಾಣುತ್ತಿರುತ್ತದೆ. ಆದರೆ ಕಂಪ್ಯೂಟರಿನ ಒಂದು ಗುಂಡಿಯ ಮೇಲೆ, ಹಿಂದೆ ಮುಂದೆ ಏನೂ ಇಲ್ಲದೆ, ಬರೀ ‘ತೆಗೆ’ ಎಂದು ಬರೆದಿಟ್ಟರೆ? ಒತ್ತುವವಳು ಏನೆಂದು ತಿಳಿಯಬೇಕು? ನನ್ನ ಗೆಳತಿ ಒಬ್ಬಳು ಅದನ್ನು ಬಾಗಿಲು ಎಂದು ತಿಳಿದಳು. ಮಶೀನು ಕಸ ಎಂದು ತಿಳಿಯಿತು. ಹೋದದ್ದು ಅವಳ ಧ್ವನಿ.

ಶಬ್ದಗಳ ವಿಷಯದಲ್ಲಿ ನಾನು ಸ್ವಲ್ಪ ಹಟದವಳು, ಒಪ್ಪಿಕೊಳ್ಳುತ್ತೇನೆ. ಕಾರವಾರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಕೂದಲು ಬೆಳ್ಳಗಾಗುವವರೆಗೆ ಕೆಲಸ ಮಾಡಿದವಳು. ಕಿವಿಗೆ ಹೆಡ್‌ಫೋನು, ಎದುರಿಗೆ ಬೋರ್ಡು, ಬಾಯಲ್ಲಿ ‘ನಂಬರ್ ಪ್ಲೀಸ್’. ಹೊಸದಾಗಿ ಸೇರಿದ ಒಬ್ಬ ಹುಡುಗಿ ಒಮ್ಮೆ ಮುಂಬಯಿಯ ಟ್ರಂಕ್ ಕಾಲಿಗೆ, ಇಲ್ಲಿಯ ಮನೆಯ ಯಜಮಾನರು ಆಗಷ್ಟೇ ಪೇಟೆಗೆ ಹೊರಟಿದ್ದರಿಂದ, ‘ಅವರು ಹೋದರು’ ಎಂದುಬಿಟ್ಟಳು. ಆ ಕಡೆ ಮುಂಬಯಿಯಲ್ಲಿ ಗೋಳೋ ಎಂದು ಅಳು ಎದ್ದಿತು. ಸಂಜೆಯ ಬಸ್ಸಿಗೆ ಅರ್ಧ ಕುಟುಂಬ ಹೊರಡಲು ಸಿದ್ಧವಾಗಿತ್ತು. ಯಜಮಾನರು ತರಕಾರಿ ಚೀಲದೊಂದಿಗೆ ವಾಪಸು ಬಂದು ಫೋನೆತ್ತಿ ‘ಹಲೋ’ ಎಂದಾಗ ಮುಂಬಯಿಯ ಅತ್ತಿಗೆಗೆ ತಲೆ ತಿರುಗಿತಂತೆ. ಮರುದಿನವೇ ನಮ್ಮ ಸೂಪರ್‌ವೈಸರ್ ಎಲ್ಲರಿಗೂ ಹೇಳಿದರು: ಮನೆಯಲ್ಲಿಲ್ಲದಿದ್ದರೆ ‘ಹೊರಗೆ ಹೋಗಿದ್ದಾರೆ’ ಎಂದೇ ಹೇಳಬೇಕು. ಯಾರೇ ಕೂತಿರಲಿ, ಯಾವ ಶಿಫ್ಟೇ ಇರಲಿ, ಅದೇ ಮಾತು. ನಾವು ನಕ್ಕೆವು, ಆದರೆ ಪಾಲಿಸಿದೆವು. ಆ ಬೋರ್ಡು, ಆ ಹೆಡ್‌ಫೋನು, ಮಧ್ಯಾಹ್ನದ ಬಿಡುವಿನಲ್ಲಿ ಕಿಟಕಿಯಿಂದ ಬರುತ್ತಿದ್ದ ಸಮುದ್ರದ ಗಾಳಿ, ಈಗ ಎಲ್ಲವೂ ಎಲ್ಲಿ ಹೋಯಿತೋ. ಹೋಯಿತು ಎಂದೇ ಹೇಳುತ್ತೇನೆ. ಇಲ್ಲಿ ಆ ಶಬ್ದ ಸರಿಯಾಗಿದೆ.

ನಿವೃತ್ತಿಯಾದ ಮೇಲೆ ಅಂಕೋಲೆಗೆ ಬಂದು ನೆಲೆಸಿದೆ. ಹಳೆಯ ಕ್ಯಾಸೆಟ್ಟುಗಳಲ್ಲಿದ್ದ ನಮ್ಮ ತಂದೆಯ ಮಾತುಗಳನ್ನು ಕಂಪ್ಯೂಟರಿಗೆ ಇಳಿಸಲು, ಧ್ವನಿಮುದ್ರಣದ ಒಂದು ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಂಡೆ. ಓಪನ್ ಸೋರ್ಸ್ ಎನ್ನುತ್ತಾರೆ. ಊರವರೆಲ್ಲ ಸೇರಿ ಕಟ್ಟಿದ ಕಾಲುಸಂಕದ ಹಾಗೆ. ಯಾರು ಬೇಕಾದರೂ ದಾಟಬಹುದು, ಹಲಗೆ ಸಡಿಲವಾದರೆ ಯಾರು ಬೇಕಾದರೂ ಮೊಳೆ ಹೊಡೆಯಬಹುದು. ಒಂದು ದಿನ ಏನೋ ತಿಳಿಯದೆ ಅದರ ‘ಸಹಾಯ’ ಎಂಬ ಮೆನುವನ್ನು ಒತ್ತಿದರೆ ಒಳಗೆ ‘ಕನ್ನಡ ಅನುವಾದಕ್ಕೆ ನೆರವಾಗಿ’ ಎಂದಿತ್ತು. ಸಹಾಯ ಕೇಳಲು ಹೋದವಳ ಹತ್ತಿರವೇ ಸಹಾಯ ಕೇಳುತ್ತದಲ್ಲ ಎಂದು ನಗು ಬಂತು. ನೆರವಾದೆ. ಆಗ ಆ ಮೆನುಗಳ ಅವಸ್ಥೆ ನೀವು ನೋಡಬೇಕಿತ್ತು. ಟ್ರ್ಯಾಕ್ ಎಂಬುದು ಒಂದು ಕಡೆ ‘ಜಾಡು’, ಇನ್ನೊಂದು ಕಡೆ ‘ಧ್ವನಿಪಥ’, ಮತ್ತೊಂದು ಕಡೆ ‘ಹಳಿ’. ಪ್ರಾಜೆಕ್ಟ್ ಎಂಬುದು ಮೇಲಿನ ಮೆನುವಿನಲ್ಲಿ ‘ಯೋಜನೆ’, ಕೆಳಗಿನದರಲ್ಲಿ ‘ಕಾಮಗಾರಿ’. ಹಾಡು ಮುದ್ರಿಸಲು ಕೂತವರಿಗೆ ರಸ್ತೆಗೆ ಡಾಂಬರು ಹಾಕಲು ಕೂತ ಹಾಗೆ ಅನಿಸಬೇಕು. ಮುಖ ಕಾಣದ ನಾಲ್ಕಾರು ಜನ ಸೇರಿ ಒಂದೊಂದನ್ನೇ ಸರಿಪಡಿಸಿದೆವು. ಓಪನ್ ಎಂಬುದಕ್ಕೆ ‘ತೆರೆ’, ಡಿಲೀಟ್‌ಗೆ ‘ಅಳಿಸು’, ಸೇವ್‌ಗೆ ‘ಉಳಿಸು’. ಎಲ್ಲ ಮೆನುವಿನಲ್ಲೂ ಹಾಗೆಯೇ. ಎಷ್ಟೋ ಸಂಜೆ ಇದಕ್ಕೇ ಹೋಯಿತು, ಮತ್ತು ನನಗೆ ಬಹಳ ಸಂತೋಷವಿತ್ತು.

ಇನ್ನು ನನ್ನ ಗೆಳತಿ. ಬೆಳಂಬಾರದವಳು, ಮೀನು ವ್ಯಾಪಾರ. ಗಂಡನ ಮನೆಯವರಿಗೆ ದೋಣಿಯಿದೆ, ಇವಳಿಗೆ ಸ್ಕೂಟಿಯಿದೆ, ಐಸ್ ಪೆಟ್ಟಿಗೆಯಿದೆ, ಎಲ್ಲಕ್ಕಿಂತ ಹೆಚ್ಚಾಗಿ ಒಂದು ಕಂಠವಿತ್ತು. ನಮ್ಮ ಓಣಿಯ ತುದಿಯಲ್ಲಿ ಸ್ಕೂಟಿ ನಿಲ್ಲಿಸಿ ಕೂಗಿದರೆ ಹಿತ್ತಲಲ್ಲಿ ಬಟ್ಟೆ ಒಗೆಯುವವಳಿಗೂ ಇವತ್ತು ಬಾಂಗಡೆಯೋ ನೋಗ್ಲಿಯೋ ಎಂದು ತಿಳಿಯಬೇಕು. ಬೆಕ್ಕುಗಳು ಮೊದಲು ಬರುತ್ತಿದ್ದವು, ಗಿರಾಕಿಗಳು ಆಮೇಲೆ. ನನ್ನ ಗೇಟಿನಲ್ಲಿ ಕಾಲಿಂಗ್ ಬೆಲ್ ಇದೆ, ಒಮ್ಮೆಯೂ ಒತ್ತಿದವಳಲ್ಲ.

‘ಬೆಲ್ಲು ಎಂತಕ್ಕೆ ಬಾಯೋ? ದೇವ್ರು ಗಂಟ್ಲು ಕೊಟ್ಟಿದ್ದು ಸುಮ್ನೆ ಅಲ್ಲ’ ಎನ್ನುವಳು. ನನ್ನನ್ನು ಅವಳು ಕರೆಯುವುದೇ ಬಾಯಿ ಎಂದು, ಬೇರೆ ಕಡೆ ಅಮ್ಮ, ಅಕ್ಕ ಎನ್ನುವ ಹಾಗೆ.

ಆ ಗಂಟಲಿಗೇ ಬಂತು. ಮೊದಲು ಸ್ವರ ಒಡೆಯಿತು, ಶೀತ ಎಂದುಕೊಂಡಳು. ಮಳೆಗಾಲ ಮುಗಿದರೂ ಹೋಗಲಿಲ್ಲ. ನಾನೇ ಅವಳನ್ನು ಕಾರವಾರಕ್ಕೆ ಕರೆದುಕೊಂಡು ಹೋದೆ. ಅಲ್ಲಿಂದ ಗೋವೆಯ ಕಡೆಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು. ಅಲ್ಲಿ ಮಾತಿನ ಚಿಕಿತ್ಸೆ ಕೊಡುವ ಒಬ್ಬ ಚುರುಕು ಹೆಣ್ಣುಮಗಳಿದ್ದಳು. ಆಪರೇಷನ್ನಿಗೆ ಮೊದಲು ನಿಮ್ಮ ಮಾತುಗಳನ್ನು ನಿಮ್ಮದೇ ಸ್ವರದಲ್ಲಿ ಮುದ್ರಿಸಿಟ್ಟುಕೊಳ್ಳಿ, ಒಂದೊಂದು ಮಾತೂ ಬೇರೆ ಬೇರೆ ಇರಲಿ, ಆಮೇಲೆ ಫೋನಿನಲ್ಲಿ ಒಂದೊಂದು ಗುಂಡಿಗೆ ಒಂದೊಂದನ್ನು ಹಾಕಿಕೊಡುತ್ತೇನೆ, ಒತ್ತಿದರೆ ನೀವೇ ಮಾತಾಡಿದ ಹಾಗೆ ಕೇಳುತ್ತದೆ ಎಂದಳು. ಸ್ವರ ದಿನದಿನಕ್ಕೆ ಇಳಿಯುತ್ತದೆ, ತಡಮಾಡಬೇಡಿ ಎಂದೂ ಹೇಳಿದಳು.

ಬಸ್ಸಿನಲ್ಲಿ ವಾಪಸು ಬರುವಾಗ ಗೆಳತಿ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಅರ್ಗಾ ಹತ್ತಿರ ಬಂದಾಗ ಕಂಡಕ್ಟರು ‘ಅರ್ಗಾ, ಅರ್ಗಾ, ನೇವಿ ಗೇಟ್, ನೇವಿ ಗೇಟ್’ ಎಂದು ಒಂದೇ ನಿಲ್ದಾಣದ ಎರಡು ಹೆಸರನ್ನೂ ಕೂಗಿದ. ಊರವರು ಒಂದು ಹೆಸರಿಗೆ ಎದ್ದರು, ಉತ್ತರದ ಕಡೆಯ ನೇವಿಯವರು ಇನ್ನೊಂದು ಹೆಸರಿಗೆ. ಅವಳು ಕಿಟಕಿಯಿಂದ ತಿರುಗದೆ ಹೇಳಿದಳು, ‘ಇವ್ನ ಕೂಗು ಎಂತಕ್ಕೂ ಬ್ಯಾಡ. ನಾನಾದ್ರೆ ಒಂದೇ ಸರ್ತಿ ಕೂಗಿ ಬಸ್ಸೇ ಖಾಲಿ ಮಾಡ್ತಿದ್ದೆ.’

ನಾನು ನಕ್ಕೆ. ಅವಳೂ ನಕ್ಕಳು, ನಗು ಕೆಮ್ಮಾಗಿ ಮುಗಿಯಿತು.

ನನ್ನ ಹಳೆಯ ಲ್ಯಾಪ್‌ಟಾಪನ್ನು ಅವಳಿಗೆ ಕೊಟ್ಟೆ. ನನ್ನ ಮೊಣಕಾಲು ದಿನಾ ಬೆಳಂಬಾರಕ್ಕೆ ಹೋಗಿಬರಲು ಬಿಡುವುದಿಲ್ಲ, ಅವಳಿಗಾದರೂ ಮುದ್ರಿಸುವಾಗ ಯಾರೂ ಎದುರಿಗೆ ಕೂರುವುದು ಬೇಡವಾಗಿತ್ತು. ಕೆಲವು ಮಾತು ಗಂಡನಿಗೆ, ಕೆಲವು ಸೊಸೆಗೆ, ಕೆಲವು ಯಾರಿಗೆ ಎಂದು ಹೇಳಲಿಲ್ಲ. ಅವಳಿಗೆ ಕನ್ನಡ ಓದಲು ಚೆನ್ನಾಗಿ ಬರುತ್ತದೆ, ಇಂಗ್ಲಿಷ್ ಬಾರದು. ಆದ್ದರಿಂದ ನಮ್ಮ ಕನ್ನಡ ಮೆನುಗಳು. ನನಗೆ, ಟು ಬಿ ಆನೆಸ್ಟ್, ಒಳಗೊಳಗೇ ಹೆಮ್ಮೆ. ಇಷ್ಟು ವರ್ಷ ಯಾರಿಗಾಗಿ ಮಾಡಿದ್ದು ಎಂದು ಕೇಳಿದರೆ ತೋರಿಸಲು ಒಬ್ಬಳು ಸಿಕ್ಕಳಲ್ಲ.

ನನ್ನ ಜಗುಲಿಯಲ್ಲಿ ಮೊದಲ ಪಾಠ. ‘ತೆರೆ’ ಎಂಬುದನ್ನು ನೋಡಿ ಅವಳು ಹುಬ್ಬು ಗಂಟಿಕ್ಕಿದಳು.

‘ತೆರೆ ಎಂತಕ್ಕೆ ಇಲ್ಲಿ? ಸಮುದ್ರದ್ದು?’

‘ಅಲ್ಲ ಮಾರಾಯ್ತಿ. ಓಪನ್. ತೆರೆಯುವುದು.’

‘ಹಾಂಗಂದ್ರೆ ತೆಗಿ ಅಂತ ಬರೀರಿ. ಬಾಗ್ಲ ತೆರಿ ಅಂತ ಯಾರ್ ಹೇಳ್ತರು? ನಾಟಕದಲ್ಲಿ ರಾಜ ಹೇಳ್ತಾ.’

‘ಪುಸ್ತಕದ ಮಾತು ಅದು. ನಿನಗೆ ತೆಗಿ ಎಂದು ತಿಳಿದುಕೋ, ಸಾಕು.’

‘ಈ ಉಳಿಸು, ಅಳಿಸು ಎರಡೂ ಅಕ್ಕ ತಂಗಿ ಕಂಡಾಂಗೆ ಕಾಣ್ತದೆ. ಯಾವ್ದು ಒಳ್ಳೇದು?’

‘ಉಳಿಸು ಒಳ್ಳೆಯದು. ಕೆಲಸ ಮುಗಿದ ಮೇಲೆ ಕೇಳುತ್ತದೆ, ಯಾವಾಗಲೂ ಉಳಿಸು ಎಂದೇ ಒತ್ತು. ಅಳಿಸು ಇದ್ದ ಕಡೆ ಕೈಯಿಡಬೇಡ.’

ಮೈಕು ಸರಿಯಿದೆಯೋ ನೋಡಲು ಏನಾದರೂ ಹೇಳು ಎಂದೆ. ಅವಳು ಸೆರಗು ಸರಿಪಡಿಸಿಕೊಂಡು, ನನ್ನ ಗೇಟಿನ ಹೊರಗೆ ನಿಂತ ಹಾಗೆ ಮುಖ ಎತ್ತಿ ಒಂದು ಕೂಗು ಹಾಕಿದಳು. ಅಂದು ಬೆಳಿಗ್ಗೆ ಸ್ವರ ಹೇಗೋ ಕೂಡಿಬಂದಿತ್ತು. ಪಕ್ಕದ ಮನೆಯ ಬೆಕ್ಕು ಕಾಂಪೌಂಡು ಹಾರಿ ಬಂತು. ಆ ತುಣುಕನ್ನು ನನ್ನ ಫೋನಿಗೆ ಕಳಿಸಿಕೊಂಡೆ, ಸ್ವರ ಸ್ಪಷ್ಟವಾಗಿ ಬಂದಿದೆಯೋ ಎಂದು ಕೇಳಲು ಮಾತ್ರ.

ಆಮೇಲೆ ಅವಳು ಮನೆಯಲ್ಲಿ, ಮಧ್ಯಾಹ್ನ ಎಲ್ಲರೂ ಮಲಗಿದಾಗ, ಒಂದೊಂದೇ ಮುದ್ರಿಸಿದಳು. ಸ್ವರ ಚೆನ್ನಾಗಿದ್ದ ದಿನ ಮಾತ್ರ. ಮೀನಿನ ಹೆಸರುಗಳೆಲ್ಲ, ಕೂಗಿನ ರಾಗದಲ್ಲಿ. ಉಂಡ್ಯಾ, ಮಲಗು, ದೋಣಿ ಬಂತಾ. ಮೊಮ್ಮಗಳನ್ನು ಮುದ್ದಿನಿಂದ ಕರೆಯುವುದು. ಚೌಕಾಸಿ ಮಾಡುವ ಗಿರಾಕಿಗೆ ಕೊಡುವ ಉತ್ತರಗಳೇ ಒಂದು ರಾಶಿ. ಬೈಗಳಗಳನ್ನು ಬೇರೆ ಒಂದು ಗುಂಪು ಮಾಡಿದ್ದೇನೆ ಎಂದು ಫೋನಿನಲ್ಲಿ ಹೇಳಿದಳು, ‘ಕೈಗೆ ಬೇಗ ಸಿಗ್ಬೇಕಲ್ಲ, ಬಾಯೋ.’

ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಅದರ ಹಿಂದಿನ ವಾರ ಆ ಸಾಫ್ಟ್‌ವೇರಿಗೆ ಹೊಸ ಆವೃತ್ತಿ ಬಂತು. ಹಾಕಿಕೊಳ್ಳಲೇ ಎಂದು ಅದು ಕೇಳಿತು, ಅವಳು ಸರಿ ಎಂದಳು. ಯಾರಾದರೂ ಸರಿ ಎನ್ನುತ್ತಾರೆ. ಹೊಸದು ಎಂದರೆ ಹಳೆಯದಕ್ಕಿಂತ ಒಳ್ಳೆಯದು ಎಂದಲ್ಲವೇ ಜಗತ್ತು ನಮಗೆ ಹೇಳಿಕೊಟ್ಟದ್ದು?

ಮಧ್ಯಾಹ್ನ ಫೋನು ಬಂತು. ಸ್ವರ ಗಾಳಿಯ ಹಾಗಿತ್ತು.

‘ಬಾಯೋ. ಖಾಲಿ.’

‘ಏನು ಖಾಲಿ?’

‘ಎಲ್ಲಾ ಖಾಲಿ. ಮಶೀನಲ್ಲಿ ನಾನೇ ಇಲ್ಲ.’

ಮೊಣಕಾಲನ್ನು ಬೈದುಕೊಂಡು ಆಟೋ ಹಿಡಿದು ಬೆಳಂಬಾರಕ್ಕೆ ಹೋದೆ. ಅಂಗಳದಲ್ಲಿ ಬಲೆ ಹರಡಿ ಗಂಡ ಕೂತಿದ್ದ, ತಲೆ ಎತ್ತಲಿಲ್ಲ. ಒಳಗೆ ಲ್ಯಾಪ್‌ಟಾಪಿನ ಎದುರು ಇವಳು. ಏನು ಮಾಡಿದೆ, ಮೊದಲಿನಿಂದ ಹೇಳು ಎಂದೆ.

ಅವಳು ಬೆರಳಿಟ್ಟು ತೋರಿಸಿದಳು. ಅವಳ ಮಾತುಗಳ ಸಾಲಿನ ಪಕ್ಕದಲ್ಲಿ, ಮೊದಲು ‘ಅಳಿಸು’ ಇದ್ದ ಜಾಗದಲ್ಲಿ, ಈಗ ‘ತೆಗೆ’ ಎಂದಿತ್ತು. ಅಂದವಾದ ಹೊಸ ಗುಂಡಿ. ಮಿಕ್ಕ ಎಲ್ಲ ಮೆನುವಿನಲ್ಲೂ ‘ಅಳಿಸು’ ಹಾಗೆಯೇ ಇತ್ತು. ಇದೊಂದೇ ಕಡೆ ‘ತೆಗೆ’.

‘ನಾ ಅಂದ್ಕಂಡೆ, ನಮ್ಮ ಬಾಯಿ ನನ್ನ ಮಾತು ಕೇಳಿ ಬದ್ಲ್ ಮಾಡ್ಸಿದ್ಲು ಅಂತ. ರಾಜನ ತೆರೆ ಹೋಗಿ ನಮ್ಮ ತೆಗಿ ಬಂತು. ಎಲ್ಲಾ ಒಟ್ಟಿಗೆ ತೆಗ್ದು ಕೇಳ್ವ ಅಂತ ಎಲ್ಲಾ ಹಿಡ್ದು ಒತ್ತಿದೆ. ಅದು ಕೇಳ್ತು, ಎಲ್ಲಾ ತೆಗೀಬೇಕಾ ಅಂತ. ಹೌದು ಅಂದೆ. ಮತ್ತೆ ಅಲ್ಲ ಅಂತಾರಾ?’

‘ಆಮೇಲೆ?’

‘ಆಮೇಲೆ ಎಂತಾ? ಬೆಳ್ಳಗೆ. ಮೇಲೆ ರದ್ದುಮಾಡು ಅಂತ ಇತ್ತು. ರದ್ದುಮಾಡು ಅಂದ್ರೆ ಇದ್ದ ಕೆಲ್ಸ ಬಿಟ್ಟು ಹೊರಗೆ ಹೋಗೂದು ಅಂತ ನೀನೇ ಹೇಳಿದ್ದೆ. ಬಿಟ್ಟು ಹೋದ್ರೆ ಹೋಯ್ತಲ್ಲ ಅಂತ ಹೆದ್ರಿ ಮುಟ್ಲಿಲ್ಲ. ಮುಚ್ಚುವಾಗ ಅದು ಕೇಳ್ತು, ಉಳಿಸ್ಬೇಕಾ ಅಂತ. ಉಳಿಸು ಒಳ್ಳೇದು. ಒತ್ತಿದೆ.’

ಸ್ಟೂಲು ಎಳೆದುಕೊಂಡು ಕೂತು ಮೇಲಿನ ಮೆನು ನೋಡಿದೆ. ರದ್ದುಮಾಡು. ಕ್ಯಾನ್ಸಲ್ ಎಂಬುದಕ್ಕೂ ರದ್ದುಮಾಡು, ಅನ್‌ಡೂ ಎಂಬುದಕ್ಕೂ ಈ ಹೊಸ ಆವೃತ್ತಿಯಲ್ಲಿ ರದ್ದುಮಾಡು. ಒಂದು, ಇನ್ನೂ ಆಗದ್ದನ್ನು ಬಿಟ್ಟುಬಿಡುವುದು. ಇನ್ನೊಂದು, ಆಗಿಹೋದದ್ದನ್ನು ಹಿಂದಕ್ಕೆ ತರುವುದು. ಅವಳನ್ನು ಕಾಪಾಡಬಹುದಾಗಿದ್ದ ಒಂದೇ ಗುಂಡಿ ಎದುರಿಗೇ ಇತ್ತು, ಬೇರೆಯವರ ಹೆಸರು ಹಾಕಿಕೊಂಡು. ಖಾಲಿಯನ್ನು ಉಳಿಸಿ ಮುಚ್ಚಿದ ಮೇಲೆ ಇನ್ನೇನು? ‘ಸಹಾಯ’ದ ಪುಟ ತೆರೆದರೆ ಅದರಲ್ಲಿ ಎಲ್ಲ ಕಡೆ ‘ಅಳಿಸು ಗುಂಡಿಯನ್ನು ಒತ್ತಿರಿ’ ಎಂದಿದೆ. ಆ ಜಾಗದಲ್ಲಿ ಆ ಹೆಸರಿನ ಗುಂಡಿಯೇ ಈಗ ಇಲ್ಲ!

ನಾನು ಎಲ್ಲ ಮೂಲೆಗಳನ್ನೂ ಹುಡುಕಿದೆ. ಸಿಗಲಿಲ್ಲ. ಅವಳು ಬಾಗಿಲ ಕಂಬಕ್ಕೆ ಒರಗಿ ನೋಡುತ್ತಿದ್ದಳು.

‘ಡಾಕ್ಟ್ರೂ ತೆಗೀತೆ ಅಂದಾ, ನಿನ್ನ ಮಶೀನೂ ತೆಗೀತೆ ಅಂತು. ಡಾಕ್ಟ್ರಿಗೆ ಮಾತ್ರ ತೆಗೀಲಿಕ್ಕೆ ಏನೂ ಉಳೀಲಿಲ್ಲ’ ಎಂದಳು.

‘ಬೈಯಬೇಕಾದರೆ ಬೈ, ಮಾರಾಯ್ತಿ.’

‘ಬೈಗಳೂ ಅದ್ರಲ್ಲೇ ಇದ್ವು.’

ಅಷ್ಟರಲ್ಲಿ ಬಂದು ಹೋದವರೆಲ್ಲ ಕೇಳಿದ್ದು ಒಂದೇ: ಬ್ಯಾಕಪ್ ಇಟ್ಟಿರಲಿಲ್ಲವಾ? ಅವಳ ಸೊಸೆ ಕೇಳಿದಳು, ನನ್ನ ತಮ್ಮ ಫೋನಿನಲ್ಲಿ ಕೇಳಿದ, ಆಟೋದವನೂ ಕೇಳಿದ. ಐ ಬೆಗ್ ಯುವರ್ ಪಾರ್ಡನ್! ಒಬ್ಬಳು ತನ್ನ ಮನೆಯ ಬಾಗಿಲು ತೆಗೆದರೆ ಮನೆಯೇ ಬಿದ್ದುಹೋಗುತ್ತದೆ, ನೀವು ಕೇಳುವುದು ಇನ್ನೊಂದು ಮನೆ ಯಾಕೆ ಕಟ್ಟಿಟ್ಟಿರಲಿಲ್ಲ ಎಂದು.

ಅಂದು ಸಂಜೆಯೇ ಆ ಸಾಫ್ಟ್‌ವೇರಿನವರು ದೂರುಗಳನ್ನು ತೆಗೆದುಕೊಳ್ಳುವ ಪುಟದಲ್ಲಿ ಬರೆದೆ. ಒಳ್ಳೆಯ ಇಂಗ್ಲಿಷಿನಲ್ಲಿ ಬರೆದೆ, ಸಿಸ್ಟರ್ ನೋಡಿದ್ದರೆ ಒಂದೂ ಕೆಂಪು ಗೆರೆ ಹಾಕುತ್ತಿರಲಿಲ್ಲ. ಮರುದಿನ ನನ್ನ ದೂರಿನ ಮೇಲೆ ಯಾರೋ ಒಂದು ಚೀಟಿ ಅಂಟಿಸಿದ್ದರು: ‘ಕಾಸ್ಮೆಟಿಕ್, ತುರ್ತಲ್ಲ.’ ಕಾಸ್ಮೆಟಿಕ್ ಎಂದರೆ ನಮ್ಮ ಕಾಲದಲ್ಲಿ ಪೌಡರು, ಸ್ನೋ, ಲಿಪ್‌ಸ್ಟಿಕ್. ಒಂದು ಹೆಂಗಸಿನ ಧ್ವನಿ ಹೋದದ್ದು ಇವರಿಗೆ ಪೌಡರು ಸ್ವಲ್ಪ ಕೆದರಿದ ಹಾಗೆ. ಇನ್ನೊಬ್ಬರು ಬಹಳ ವಿನಯದಿಂದ ವಿವರಿಸಿದ್ದರು. ಇಂಗ್ಲಿಷಿನಲ್ಲಿ ಆ ಗುಂಡಿಯ ಮೇಲೆ ಡಿಲೀಟ್ ಎಂದಿತ್ತು, ಅದು ಬಳಸುವವರಿಗೆ ಗಡುಸಾಗಿ ಕೇಳುತ್ತದೆ, ಆದ್ದರಿಂದ ರಿಮೂವ್ ಎಂದು ಮೃದು ಮಾಡಿದೆವು ಎಂದು.

ಮೃದುವಂತೆ! ಕೆಲಸ ಅದೇ, ಕತ್ತಿ ಅದೇ, ಹಿಡಿಗೆ ಮಾತ್ರ ಮಖಮಲ್ಲು. ಮತ್ತು ಆ ಮೃದುತ್ವ ಒಂದೇ ಮೆನುವಿಗೆ. ಉಳಿದ ಕಡೆ ಡಿಲೀಟ್ ಡಿಲೀಟೇ. ಗಡುಸಾಗಿದ್ದರೆ ಏನಾಯಿತು? ಹಾಳುಮಾಡುವ ಗುಂಡಿ ಗಡುಸಾಗಿಯೇ ಇರಬೇಕು.

ಕನ್ನಡದ ಕೆಲಸ ನೋಡಿಕೊಳ್ಳುವ ಸಂಯೋಜಕರ ಜೊತೆ ವಿಡಿಯೋ ಕಾಲ್ ಬೇಕು ಎಂದು ಹಟ ಹಿಡಿದೆ. ಇಷ್ಟು ವರ್ಷ ಅಕ್ಷರವಾಗಿ ಮಾತ್ರ ಕಂಡವರು. ನೋಡಿದರೆ ನನ್ನ ಅಳಿಯನ ವಯಸ್ಸಿನವರು, ಘಟ್ಟದ ಮೇಲಿನ ಊರು, ಹಿಂದೆ ಗೋಡೆಯ ಮೇಲೆ ಮಗು ಗೀಚಿದ ಚಿತ್ರ.

‘ಮೇಡಂ, ನನ್ನ ಎದುರಿಗೆ ಮೆನು ಬರೋದಿಲ್ಲ, ಶಬ್ದ ಮಾತ್ರ ಬರುತ್ತೆ’ ಎಂದರು. ‘ರಿಮೂವ್ ಅಂತ ಹೊಸ ಶಬ್ದ ಬಂತು. ಡಿಲೀಟ್ ಆಗಿದ್ರೆ ಅಳಿಸು ಅಂತ ತಾನೇ ತುಂಬ್ಕೊಳ್ತಿತ್ತು. ರಿಮೂವ್ ಅಂದ್ರೆ ತೆಗೆ. ಅದರಲ್ಲಿ ತಪ್ಪೇನಿದೆ?’

‘ನಿಮ್ಮ ಮನೆಯಲ್ಲಿ ಬಾಗಿಲು ತೆಗೆ ಎಂದರೆ ಬಾಗಿಲು ಕಿತ್ತು ಹಿತ್ತಲಿಗೆ ಎಸೆಯುತ್ತೀರಾ?’

ಅವರು ಸ್ವಲ್ಪ ನಕ್ಕರು. ‘ಇಲ್ಲ ಮೇಡಂ. ಆದ್ರೆ ಚಪ್ಪಲಿ ತೆಗೆ ಅಂದ್ರೆ ಚಪ್ಪಲಿಯನ್ನ ತೆರೆಯೋದೂ ಇಲ್ಲ.’

ಆ ಉತ್ತರಕ್ಕೆ ನನಗೂ ನಗು ಬಂದದ್ದು ಇನ್ನಷ್ಟು ಸಿಟ್ಟು ತರಿಸಿತು. ‘ಅದನ್ನೇ ನಾನೂ ಹೇಳುವುದು. ಚಪ್ಪಲಿಯೋ ಬಾಗಿಲೋ ಕಾಣದಿರುವಾಗ ಆ ಶಬ್ದವನ್ನು ಯಾಕೆ ಮುಟ್ಟಿದಿರಿ? ಒಂದು ಕೆಲಸಕ್ಕೆ ಒಂದು ಹೆಸರು ಎಂದು ನಾವೇ ಒಪ್ಪಿದ್ದೆವಲ್ಲ? ರದ್ದುಮಾಡು ಯಾರು ಮಾಡಿದ್ದು?’

‘ಅದು ಹೊಸಬರು ಒಬ್ರು. ಉತ್ಸಾಹದಿಂದ ಮಾಡಿದ್ರು. ನಾನು ಪೂರ್ತಿ ನೋಡ್ಲಿಲ್ಲ. ಹಗಲು ಕೆಲಸ ಬೇರೆ ಇದೆ, ಇದಕ್ಕೆ ಯಾರೂ ಸಂಬಳ ಕೊಡೋದಿಲ್ಲ ಮೇಡಂ.’

‘ನನಗೂ ಕೊಡುವುದಿಲ್ಲ’ ಎಂದೆ. ‘ಪುಕ್ಕಟೆ ಕಟ್ಟಿದ ಸಂಕ ಎಂದು ಹೊಳೆ ಕಡಿಮೆ ಆಳವಾಗುತ್ತದೆಯೇ?’

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಉಳಿಸು, ಅಳಿಸು ಒಂದೇ ಹಾಗೆ ಕಾಣುತ್ತವೆ ಎಂಬ ದೂರು ಮೊದಲಿನಿಂದಲೂ ಇದೆ, ತೆಗೆ ಎಂದರೆ ಆ ಗೊಂದಲವಾದರೂ ತಪ್ಪೀತು ಎಂಬ ಯೋಚನೆಯೂ ತನಗಿತ್ತು ಎಂದರು. ಅದು ಸುಳ್ಳಲ್ಲ, ನನ್ನ ಗೆಳತಿಯೇ ಅಕ್ಕ ತಂಗಿ ಎಂದಿದ್ದಳಲ್ಲ. ಕೊನೆಗೆ ಜಗಳದ ನಡುವೆಯೇ ತೀರ್ಮಾನವಾಯಿತು. ಡಿಲೀಟ್ ಇರಲಿ, ರಿಮೂವ್ ಇರಲಿ, ಇಂಗ್ಲಿಷಿನವರು ನಾಳೆ ಇನ್ನೇನೇ ಮೃದು ಮಾಡಲಿ, ಕೆಲಸ ಅದೇ ಆಗಿದ್ದರೆ ಕನ್ನಡದಲ್ಲಿ ಎಲ್ಲ ಕಡೆ ‘ಅಳಿಸಿಹಾಕು’. ಉದ್ದವಾಗಿ, ಗಡುಸಾಗಿ, ಉಳಿಸುವಿನ ತಂಗಿಯ ಹಾಗೆ ಕಾಣದಂತೆ. ಅನ್‌ಡೂ ಎಂಬುದಕ್ಕೆ ‘ಮೊದಲಿನಂತೆ ಮಾಡು’. ಸಹಾಯದ ಪುಟದಲ್ಲೂ ಅವೇ ಹೆಸರು.

‘ಮುಂದಿನ ಆವೃತ್ತಿಯಲ್ಲಿ ಬರುತ್ತೆ’ ಎಂದರು.

‘ಆಪರೇಷನ್ ಈ ವಾರ ಇದೆ’ ಎಂದೆ.

ಕಾಲ್ ಮುಗಿಸುವ ಮೊದಲು ಸಣ್ಣ ಸ್ವರದಲ್ಲಿ, ‘ಅವರ ಧ್ವನಿ ಏನೂ ಸಿಗಲೇ ಇಲ್ವಾ ಮೇಡಂ?’ ಎಂದು ಕೇಳಿದರು. ಆಗಲೇ ನನಗೆ ನನ್ನ ಫೋನಿನಲ್ಲಿದ್ದ ಆ ತುಣುಕು ನೆನಪಾದದ್ದು. ಮೈಕು ಪರೀಕ್ಷೆಗೆಂದು ಹಾಕಿದ ಕೂಗು. ಅದೊಂದೇ.

ಇದ್ದ ದಿನಗಳಲ್ಲಿ ಅವಳ ಪಕ್ಕ ಕೂತು ಮತ್ತೆ ಮುದ್ರಿಸಿದೆವು. ಈ ಸಲ ಅವಳು ಎದುರಿಗೆ ಯಾರೂ ಬೇಡ ಎನ್ನಲಿಲ್ಲ. ಸ್ವರ ಒಡೆದ ತೆಂಗಿನ ಕರಟದಂತೆ. ಬಾಂಗಡೆಯ ಬಾಂ ಮೇಲೇಳುವುದಿಲ್ಲ, ನೋಗ್ಲಿ ಗಂಟಲಲ್ಲೇ ಉಳಿಯುತ್ತದೆ. ನಾಲ್ಕು ಮಾತಿಗೆ ಒಂದು ಲೋಟ ಬಿಸಿನೀರು. ಮೊಮ್ಮಗಳನ್ನು ಕರೆಯುವುದನ್ನು ಎಷ್ಟು ಸಲ ಮಾಡಿದರೂ ಸರಿಯಾಗಲಿಲ್ಲ. ಆ ಮಗು ಬಾಗಿಲಲ್ಲಿ ನಿಂತು, ‘ಆಜಿ, ನೀನು ಎಂತಕ್ಕೆ ಅಜ್ಜನಾಂಗೆ ಮಾತಾಡ್ತೆ?’ ಎಂದಿತು. ಗಂಡ ಬಲೆ ಬಿಟ್ಟು ಎದ್ದು ದಂಡೆಯ ಕಡೆ ನಡೆದ.

‘ಬೈಗಳ ಮಾತ್ರ ಬೆಸ್ಟ್ ಬಂತು ಬಾಯೋ’ ಎಂದಳು ಗೆಳತಿ, ಮುದ್ರಿಸಿದ್ದನ್ನು ಕೇಳಿಸಿಕೊಂಡು. ‘ಈ ಗಂಟ್ಲಿಗೆ ಅದೇ ಸಮ.’

ಆಪರೇಷನ್ ಆಯಿತು. ಜೀವಕ್ಕೆ ಭಯವಿಲ್ಲ ಎಂದರು, ಹಾಗೆಯೇ ಆಯಿತು. ದೇವರ ದಯೆ. ನಾನು ಕೋಪಿಸಿಕೊಳ್ಳುವುದು ಜೀವ ಉಳಿದದ್ದನ್ನು ಕಾಣದೆ ಅಲ್ಲ. ಆದರೆ ಮಾತಿನ ಚಿಕಿತ್ಸೆಯವಳು ಅವಳ ಫೋನಿಗೆ ಆ ಒಡಕು ಮಾತುಗಳನ್ನು ತುಂಬುವಾಗ ನಾನು ಪಕ್ಕದಲ್ಲಿದ್ದೆ, ಆಗ ಅವಳ ಮುಖ ನೋಡಿದ್ದೇನೆ. ಅವಳಿಗೆ ತನ್ನ ಕಂಠ ಸಿಗಬೇಕಿತ್ತು. ಸಿಕ್ಕಿದ್ದು ತನ್ನ ಕಾಯಿಲೆಯ ಕಂಠ. ಕೊನೆಯಲ್ಲಿ ನಾನು ನನ್ನ ಫೋನಿನಿಂದ ಆ ಒಂದು ತುಣುಕನ್ನೂ ಕಳಿಸಿ, ಇದಕ್ಕೂ ಒಂದು ಗುಂಡಿ ಹಾಕಿ ಎಂದೆ. ಗುಂಡಿಗೆ ಏನು ಹೆಸರಿಡಲಿ ಎಂದು ಕೇಳಿದಳು ಆ ಹೆಣ್ಣುಮಗಳು. ಗೆಳತಿ ಕಾಗದದ ಮೇಲೆ ಬರೆದು ತೋರಿಸಿದಳು: ತೆಗಿ. ನಾನು ಬೇಡ ಎಂದೆ. ಅವಳು ಆ ಶಬ್ದದ ಕೆಳಗೆ ಎರಡು ಗೆರೆ ಎಳೆದಳು.

ಮುಂದಿನ ಆವೃತ್ತಿ ಬಂದಿದೆ. ‘ಅಳಿಸಿಹಾಕು’ ಈಗ ಎಲ್ಲ ಮೆನುವಿನಲ್ಲೂ ಇದೆ. ಆದರೆ ಮೌಸಿನ ಬಲ ಗುಂಡಿ ಒತ್ತಿದಾಗ ಬರುವ ಸಣ್ಣ ಪಟ್ಟಿಯಲ್ಲಿ ಇನ್ನೂ ‘ತೆಗೆ’ ಉಳಿದುಕೊಂಡಿದೆ. ಇವತ್ತು ಬೆಳಿಗ್ಗೆ ನೋಡಿದೆ. ಈ ಬರಹದ ಕೋಪಕ್ಕೆ ಕಾರಣ ಅದು. ದೂರು ಬರೆಯಲು ಕೂತಿದ್ದೆ, ಇಂಗ್ಲಿಷಿನಲ್ಲಿ, ಮೊದಲ ವಾಕ್ಯದಲ್ಲೇ ‘ಅಪಾಲಿಂಗ್’ ಎಂಬ ಶಬ್ದ ಹಾಕಿ.

ಆಗ ಗೇಟಿನ ಹೊರಗೆ ಕೇಳಿತು. ಆಪರೇಷನ್ ಆದ ಮೇಲೆ ಅವಳು ವ್ಯಾಪಾರಕ್ಕೆ ಹೊರಟ ಮೊದಲ ದಿನ ಇದು ಎಂದು ನನಗೆ ಗೊತ್ತಿರಲಿಲ್ಲ. ಓಣಿಯ ತುದಿಯಿಂದಲ್ಲ, ನೇರ ನನ್ನ ಗೇಟಿನಿಂದ, ಹಳೆಯ ಎತ್ತರದಲ್ಲಿ, ಒಂದು ಬಿರುಕೂ ಇಲ್ಲದೆ:

‘ಬಾಯೋ! ಬಾಗ್ಲ ತೆಗಿ! ಬಾಂಗ್ಡೆ ಕಣ್ಣು ಬಿಟ್ಕಂಡು ನಿನ್ನೇ ನೋಡ್ತಿವೆ!’

ಪಕ್ಕದ ಮನೆಯ ಬೆಕ್ಕು ಕಾಂಪೌಂಡು ಹಾರಿತು. ಅದಕ್ಕೆ ಫೋನು, ಗಂಟಲು ಎಂಬ ಭೇದವಿಲ್ಲ.

ನನಗೆ ಎದ್ದು ನಿಲ್ಲಲು ಹೊತ್ತು ಬೇಕು. ಅವಳಿಗೆ ಮೊದಲಿನಿಂದಲೂ ತಾಳ್ಮೆಯಿಲ್ಲ. ನಾನು ಕೋಲು ಹುಡುಕುವಷ್ಟರಲ್ಲಿ ಇನ್ನೊಮ್ಮೆ ಒತ್ತಿದಳು. ‘ಬಾಯೋ! ಬಾಗ್ಲ ತೆಗಿ!’

‘ತೆಗೆದೆ ಮಾರಾಯ್ತಿ, ತೆಗೆದೆ’ ಎನ್ನುತ್ತಾ ಚಿಲಕಕ್ಕೆ ಕೈ ಹಾಕಿದೆ.